ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ, ಸಂಡೇ ಸ್ಕೂಲ್ ಬಿಡಲೇ?

ಪ್ರಶ್ನೆ: ನನಗೆ 41 ವರ್ಷ. ಹುಟ್ಟಿನಿಂದಲೂ ಪ್ರೊಟೆಸ್ಟೆಂಟ್ ಕ್ರೈಸ್ತರ ಸಿಎಸ್‌ಐ ಸಭೆಯವಳು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಯಜಮಾನರ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರ ಕೆಲಸವೂ ಹೋಯಿತು, ನನ್ನ ಹೊಲಿಗೆಯಿಂದಲೇ ಮನೆ ನಡೆಯಬೇಕು. ನಾಲ್ಕು ತಿಂಗಳಿಂದ ನಿದ್ದೆಯಿಲ್ಲ. ಎದೆ ಢವಢವ ಅನ್ನುತ್ತದೆ, ಕೈ ನಡುಗುತ್ತದೆ. ಇಸಿಜಿ ಸರಿಯಿದೆ. ಡಾಕ್ಟರು ಇದು ಆತಂಕದ ಕಾಯಿಲೆ ಅಂದು ಮಾತ್ರೆ ಬರೆದರು. ಪ್ರಾರ್ಥನಾ ಕೂಟದ ಹಿರಿಯ ಸಹೋದರಿಯೊಬ್ಬರು, 'ಮಾತ್ರೆ ನುಂಗಿದರೆ ಕರ್ತನ ಮೇಲೆ ನಂಬಿಕೆ ಇಲ್ಲ ಅಂತಾಯಿತು. ನಿನ್ನ ಅಪನಂಬಿಕೆಯಿಂದಲೇ ಗಂಡನಿಗೆ ಸ್ವಸ್ಥತೆ ತಡವಾಗುತ್ತಿದೆ' ಅಂದರು. ಮಾತ್ರೆ ಬೀರುವಿನಲ್ಲೇ ಇದೆ. ಬಿಡುಗಡೆ ಸಿಗಲಿ ಅಂತ, ಮೊಬೈಲಿನಲ್ಲಿ ನೋಡುವ ಬೋಧಕರೊಬ್ಬರಿಗೆ ಸಾಲ ಮಾಡಿ ಕಾಣಿಕೆ ಕಳಿಸಿದ್ದೇನೆ. ಈಗ ಮೊಣಕಾಲೂರಿದರೆ ಮಾತೇ ಬರುವುದಿಲ್ಲ. ದೇವರು ಇದ್ದಾನೋ ಇಲ್ಲವೋ ಅನ್ನಿಸುತ್ತದೆ. ಹೋದ ಭಾನುವಾರ ಒಂದು ಮಗು, 'ಆಂಟಿ, ನಾವೆಲ್ಲ ಪ್ರಾರ್ಥನೆ ಮಾಡಿದರೂ ಅಂಕಲ್‌ಗೆ ಯಾಕೆ ವಾಸಿಯಾಗಿಲ್ಲ?' ಅಂತ ಕೇಳಿತು. ಏನೋ ಹೇಳಿ ಹಾಡು ಶುರುಮಾಡಿಸಿದೆ. ನಾನು ಕಪಟಿ ಅಲ್ವಾ? ಸಂಡೇ ಸ್ಕೂಲ್ ಬಿಟ್ಟುಬಿಡಲೇ?
— ಹೆಸರು ಬೇಡ, ಧಾರವಾಡ ಜಿಲ್ಲೆ

ಪ್ರಿಯ ಸಹೋದರಿ,

ಮೊದಲು ಮಾತ್ರೆಯ ವಿಷಯ. ನಂಬಿಕೆಯ ಮಾತು ಆಮೇಲೆ ಆಡೋಣ. ನಾಲ್ಕು ತಿಂಗಳು ನಿದ್ದೆಗೆಟ್ಟ ತಲೆ ಇಟ್ಟುಕೊಂಡು ದೇವರಿದ್ದಾನೋ ಇಲ್ಲವೋ ಅಂತ ತೀರ್ಮಾನ ಮಾಡಲು ಕೂರಬಾರದು. ಅದೇ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ, ಮಾತ್ರೆ ತೆಗೆದುಕೊಂಡಿಲ್ಲ ಅಂತ ಹೇಳಿ, ಶುರು ಮಾಡಿ. ಇಂಥ ಎಷ್ಟೋ ಮಾತ್ರೆಗಳು ಮರುದಿನವೇ ಕೆಲಸ ಮಾಡುವುದಿಲ್ಲ, ಕೆಲವು ವಾರ ಬೇಕು. ಎರಡು ದಿನ ನೋಡಿ ಬಿಡಬೇಡಿ. ಆರಾಮಾಯಿತು ಅಂತ ನೀವೇ ನಿಲ್ಲಿಸಲೂ ಬೇಡಿ. ನಿಮ್ಮ ಜಿಲ್ಲೆಯಲ್ಲೇ ಸರ್ಕಾರದ ಡಿಮ್ಹಾನ್ಸ್ ಇದೆ, ಇಂಥದ್ದಕ್ಕೆಂದೇ ಇರುವ ಆಸ್ಪತ್ರೆ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರಂತೂ ಬೆಳಗಾಗಲಿ ಅಂತ ಕಾಯಬೇಡಿ.

ಬೈಬಲಿನ ಪ್ರವಾದಿ ಎಲೀಯ ಸಾಯಬೇಕು ಅಂತ ಮರದ ಕೆಳಗೆ ಬಿದ್ದುಕೊಂಡಾಗ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ತಿನ್ನಿಸಿದ. ಆಳವಾದ ಮಾತುಕತೆಯೆಲ್ಲ ನಡೆದದ್ದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಆ ಹಿರಿಯ ಸಹೋದರಿ ನಿಮಗೆ, ಅಪೊಸ್ತಲ ಪೌಲ ಫಿಲಿಪ್ಪಿಯ ಸಭೆಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ಹೇಳಿರುತ್ತಾರೆ. ಯಾವುದಕ್ಕೂ ಚಿಂತೆ ಮಾಡಬೇಡಿ ಅನ್ನುವ ಮಾತು. ಅದೇ ಪತ್ರದ ಎರಡನೇ ಅಧ್ಯಾಯ ಯಾರೂ ಓದಿಸುವುದಿಲ್ಲ. ಪೌಲನ ಜೊತೆಗಾರ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಂತಕ್ಕೆ ಹೋಗಿದ್ದ. ಅವನು ಹೋಗಿಬಿಟ್ಟಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅನ್ನುತ್ತಾನೆ ಪೌಲ. ಅವನನ್ನು ನಿಮ್ಮ ಹತ್ತಿರ ಕಳಿಸಿದರೆ ನನ್ನ ಚಿಂತೆಯೂ ಕಡಿಮೆಯಾಗುತ್ತದೆ ಅನ್ನುತ್ತಾನೆ. ಅಂದರೆ ಪೌಲನಿಗೂ ಚಿಂತೆ ಇತ್ತು! ಕಾಯಿಲೆ ಯಾರ ಅಪನಂಬಿಕೆಯಿಂದ ಬಂತು ಅಂತ ಅವನು ಹುಡುಕಲಿಲ್ಲ. ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆ ಸರಿಯಿಲ್ಲ ಅಂದಾಗ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಬರೆದ. ಪೌಲನ ಜೊತೆಗಿದ್ದ ಲೂಕ ವೈದ್ಯ. ಮಾತ್ರೆ ನುಂಗಿದರೆ ಅಪನಂಬಿಕೆ ಅನ್ನುವವರು ತಾವು ಬಿಪಿ ಮಾತ್ರೆ ಬಿಟ್ಟಿದ್ದಾರಾ ಅಂತ ಕೇಳಬಹುದಿತ್ತು. ಬೇಡ ಬಿಡಿ, ಸುಮ್ನೆ ಜಗಳವಾಗುತ್ತದೆ.

ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಗೆಳೆಯರು ಬಂದು ಏಳು ದಿನ ಬಾಯಿಬಿಡದೆ ಅವನ ಪಕ್ಕ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ನೀನೇ ಏನೋ ತಪ್ಪು ಮಾಡಿದ್ದೀ ಅಂತ ಶುರು. ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಆ ಗೆಳೆಯರ ಮೇಲೆ. ದೇವರನ್ನೇ ಪ್ರಶ್ನೆ ಕೇಳಿ ಕೂಗಾಡಿದ ಯೋಬನ ಮೇಲಲ್ಲ.

ಇನ್ನು ಪ್ರಾರ್ಥನೆ. ಕೀರ್ತನೆ 88 ತೆಗೆಯಿರಿ. ಬಹಳಷ್ಟು ದುಃಖದ ಕೀರ್ತನೆಗಳು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಸತ್ಯವೇದದಲ್ಲಿ ಇದೆ. ಮಾತು ಬರದ ದಿನ ಅದನ್ನೇ ಜೋರಾಗಿ ಓದಿ ಎದ್ದುಬಿಡಿ. ಅಷ್ಟು ಸಾಕು. ಕಣ್ಣೀರು ಬರಬೇಕು, ಮನಸ್ಸು ತುಂಬಿ ಬರಬೇಕು ಅಂತ ಕಾಯಬೇಡಿ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಹೊರಬಂದಾಗ ಎಷ್ಟೋ ಜನ ಬೆಚ್ಚಿದರು. ಕೋಲ್ಕತ್ತದಲ್ಲಿ ತಮ್ಮ ಸೇವೆ ಶುರು ಮಾಡಿದ ಕಾಲದಿಂದ ಹೆಚ್ಚುಕಡಿಮೆ ಕೊನೆಯವರೆಗೂ ಅವರಿಗೆ ದೇವರು ಹತ್ತಿರ ಇದ್ದಾನೆ ಅಂತ ಅನ್ನಿಸಲೇ ಇಲ್ಲವಂತೆ. ಅವರು ಕ್ಯಾಥೊಲಿಕ್, ನೀವು ಸಿಎಸ್‌ಐ, ಇರಲಿ. ಏನೂ ಅನ್ನಿಸದಿದ್ದರೂ ಅವರು ಪ್ರಾರ್ಥನೆಗೆ ಕೂತರು, ರೋಗಿಗಳ ಹತ್ತಿರ ಹೋದರು. ನೀವೂ ಯಜಮಾನರನ್ನು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೀರಿ. ನಂಬಿಕೆಯ ಲೆಕ್ಕದಲ್ಲಿ ಅದನ್ನು ಯಾಕೆ ಸೇರಿಸುತ್ತಿಲ್ಲ?

ಮೊಬೈಲಿನ ಬೋಧಕರಿಗೆ ಕಳಿಸುವ ದುಡ್ಡು ಇವತ್ತಿಗೇ ನಿಲ್ಲಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮಲ್ಲಿ ಇದ್ದಷ್ಟರಲ್ಲಿ ಕೊಡಬೇಕು, ಇಲ್ಲದ್ದನ್ನು ಕೊಡಬೇಕಿಲ್ಲ ಅಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಬಡ ವಿಧವೆ ಹಾಕಿದ ಎರಡು ಕಾಸಿನ ಕಥೆ ಹೇಳಿ ನಿಮ್ಮನ್ನು ಕರಗಿಸಿರುತ್ತಾರೆ. ಮಾರ್ಕ 12ರಲ್ಲಿ ಆ ಕಥೆಗೆ ಸ್ವಲ್ಪ ಮೇಲೆ ಓದಿ. ವಿಧವೆಯರ ಮನೆ ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವವರಿಗೆ ಯೇಸುಸ್ವಾಮಿ ಏನು ಹೇಳಿದರು ಅಂತ ಅಲ್ಲಿದೆ. ಡಯಾಲಿಸಿಸ್‌ಗೆ ಕೈಯಿಂದ ಖರ್ಚು ಮಾಡುತ್ತಿದ್ದೀರಾ, ನೀವು ಬರೆದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ನೀವು ಕಪಟಿ ಅಲ್ಲ. ಕಪಟಿಗಳಿಗೆ ಇಷ್ಟು ಸಂಕಟ ಇರುವುದಿಲ್ಲ. ಸುಸ್ತಾಗಿದ್ದರೆ ಎರಡು ಮೂರು ತಿಂಗಳು ಸಂಡೇ ಸ್ಕೂಲಿಗೆ ರಜೆ ಹಾಕಿ, ಅದರಲ್ಲಿ ತಪ್ಪೇನಿಲ್ಲ. ಅರ್ಹತೆ ಇಲ್ಲ ಅಂತ ಬಿಡುವುದಾದರೆ ಬೇಡ. ರಜೆಗೆ ಮುಂಚೆ ಆ ಮಗುವನ್ನು ಕರೆದು ಹೇಳಿ: 'ಯಾಕೆ ಅಂತ ನನಗೂ ಗೊತ್ತಿಲ್ಲ ಪುಟ್ಟಾ. ನಾನೂ ದೇವರನ್ನು ಅದನ್ನೇ ಕೇಳುತ್ತಿದ್ದೇನೆ.' ನಾಳೆ ಆ ಮನೆಯಲ್ಲೂ ಯಾರಾದರೂ ಕಾಯಿಲೆ ಬೀಳಬಹುದು. ನನ್ನ ಪ್ರಾರ್ಥನೆ ಸಾಲಲಿಲ್ಲ, ಅದಕ್ಕೇ ವಾಸಿಯಾಗಲಿಲ್ಲ ಅಂತ ಮಗು ಅಂದುಕೊಳ್ಳಬಾರದು.

ಕೊನೆಯದಾಗಿ, ನಿಮ್ಮ ಸಭೆಯ ಪಾಸ್ಟರ್ ಅಯ್ಯನವರನ್ನು ಒಮ್ಮೆ ಕಾಣಿ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಕಿತ್ತು ಇಳಿಸಿದರಲ್ಲ, ಅಲ್ಲಿ ಯೇಸುಸ್ವಾಮಿ ಅವರೆಲ್ಲರ ನಂಬಿಕೆ ನೋಡಿದರು ಅಂತಿದೆ. ಮಲಗಿದ್ದವನಿಗೆ ಎಷ್ಟು ನಂಬಿಕೆ ಇತ್ತು ಅಂತ ಯಾರೂ ಕೇಳಲಿಲ್ಲ. ಈಗ ನಿಮ್ಮನ್ನೂ ಸಭೆಯವರು ಹೊರಬೇಕು. ಆದರೆ 'ನಮಗಾಗಿ ಪ್ರಾರ್ಥಿಸಿ' ಅಂತಷ್ಟೇ ಕೇಳಿದರೆ ಎಲ್ಲರೂ ಆಮೆನ್ ಅಂದು ಮನೆಗೆ ಹೋಗುತ್ತಾರೆ. ದಿನ, ಹೊತ್ತು ಹೇಳಿ ಕೇಳಿ. ವಾರಕ್ಕೆ ಒಂದು ಡಯಾಲಿಸಿಸ್ ದಿನ ಆಸ್ಪತ್ರೆಯಲ್ಲಿ ಇವರ ಪಕ್ಕ ಯಾರು ಕೂರುತ್ತೀರಿ ಅಂತ. ಯುವಜನರಲ್ಲಿ ಇಬ್ಬರಾದರೂ ಬರುತ್ತಾರೆ. ಆ ಹೊತ್ತು ನೀವು ಮನೆಯಲ್ಲಿ ಮಲಗಿ. ಹೊಲಿಗೆ ಮಿಷನ್ ಮುಟ್ಟಬೇಡಿ.