ಲ್ಯಾಬ್ ರಿಪೋರ್ಟ್ ಪ್ರಕಾರ ಔಷಧಿ ಸರಿ ಇದೆ, ಆದರೂ ಕೆಚ್ಚಲು ಬಾವು ಮತ್ತೆ ಮತ್ತೆ ಬರುವುದೇಕೆ?

ಹಸುವಿನ ಒಂದೇ ತೊಟ್ಟಿಗೆ ಪದೇ ಪದೇ ಬಾವು ಬರುತ್ತಿದೆ, ಹಾಲಿನಲ್ಲಿ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿದೆ, ಕೊಟ್ಟ ಆಂಟಿಬಯೋಟಿಕ್‌ಗೆ ಅದು ಬಗ್ಗುತ್ತದೆ ಅಂತ ರಿಪೋರ್ಟೂ ಬಂದಿದೆ, ಆದರೂ ಯಾಕೆ ವಾಸಿಯಾಗುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಇಂಥ ಹಾಲಿನ ಸ್ಯಾಂಪಲ್ ಪರೀಕ್ಷಿಸುವ ಲ್ಯಾಬ್‌ನಲ್ಲೇ ಕೆಲಸ ಮಾಡುವುದು. ರಿಪೋರ್ಟ್ ತಪ್ಪಿರಬೇಕು ಅಂತೇನಿಲ್ಲ. ಆ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ.

ನಾವು ಹಾಲಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸಿ, ದ್ರವದಲ್ಲಿ ಕದಡಿ, ತಟ್ಟೆಯ ಮೇಲೆ ತೆಳುವಾಗಿ ಹರಡುತ್ತೇವೆ. ಮೇಲೆ ಔಷಧಿಯ ಬಿಲ್ಲೆ ಇಡುತ್ತೇವೆ. ಅಲ್ಲಿ ಪ್ರತಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿದೆ, ಚೆನ್ನಾಗಿ ಉಂಡು ವೇಗವಾಗಿ ಬೆಳೆಯುತ್ತಿದೆ. ಔಷಧಿಗೆ ಸುಲಭದ ತುತ್ತು. ಕೆಚ್ಚಲಿನೊಳಗೆ ಅದೇ ಬ್ಯಾಕ್ಟೀರಿಯಾ ಗುಂಪು ಕಟ್ಟಿಕೊಂಡು, ಸುತ್ತ ಲೋಳೆ ಸುರಿಸಿಕೊಂಡು ಅಂಟಿ ಕೂತಿರಬಹುದು. ಇದೇ ಬಯೋಫಿಲ್ಮ್. ಬೆಳಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ತಾಕುವ ಅಂಟು ಪದರ ಇದೆಯಲ್ಲ, ಅದೂ ಬಯೋಫಿಲ್ಮೇ.

ಲೋಳೆಯಲ್ಲಿ ಸಕ್ಕರೆಯ ಸರಪಳಿಗಳು, ಪ್ರೋಟೀನ್, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಎಲ್ಲ ಇರುತ್ತವೆ. ಲೋಳೆ ಔಷಧಿಯನ್ನು ಪೂರ್ತಿ ತಡೆದುಬಿಡುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಎಷ್ಟೋ ಔಷಧಿಗಳು ಒಳಗೆ ಹೋಗುತ್ತವೆ. ದೊಡ್ಡ ತೊಂದರೆ ಬೇರೆ ಇದೆ. ಪದರದ ಆಳದಲ್ಲಿ ಆಹಾರ, ಆಮ್ಲಜನಕ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾ ಬೆಳೆಯುವುದನ್ನೇ ನಿಲ್ಲಿಸಿ ಸುಮ್ನೆ ಬಿದ್ದಿರುತ್ತವೆ. ಪೆನಿಸಿಲಿನ್ ಜಾತಿಯ ಔಷಧಿ ಕೊಲ್ಲುವುದು ಹೊಸ ಕೋಶಗೋಡೆ ಕಟ್ಟುತ್ತಿರುವ ಬ್ಯಾಕ್ಟೀರಿಯಾವನ್ನು. ಕಟ್ಟುವ ಕೆಲಸವೇ ನಿಂತಿದ್ದರೆ ಅದು ಏನು ಮಾಡೀತು? ಔಷಧಿಯಲ್ಲಿ ಮುಳುಗಿಯೂ ಹೀಗೆ ಬದುಕುಳಿಯುವ ಕೆಲವು ಬ್ಯಾಕ್ಟೀರಿಯಾಗಳಿರುತ್ತವೆ ಅಂತ ಜೋಸೆಫ್ ಬಿಗ್ಗರ್ ಎಂಬ ವಿಜ್ಞಾನಿ 1944ರಲ್ಲೇ ತೋರಿಸಿದ್ದರು. ಬಿಡಿ ಬ್ಯಾಕ್ಟೀರಿಯಾಗೆ ಸಾಕಾಗುವ ಪ್ರಮಾಣಕ್ಕಿಂತ 10ರಿಂದ 1000 ಪಟ್ಟು ಜಾಸ್ತಿ ಔಷಧಿ ಬಯೋಫಿಲ್ಮ್‌ಗೆ ಬೇಕಾಗಬಹುದು. ಅಷ್ಟನ್ನು ಹಸುವಿಗೆ ಕೊಡಲು ಆಗುವುದಿಲ್ಲ. ಹಸುವಿನ ಬಿಳಿ ರಕ್ತಕಣಗಳಿಗೂ ಇಡೀ ಗುಂಪನ್ನು ನುಂಗುವುದು ಕಷ್ಟ.

ಔಷಧಿ ಹಾಕಿದಾಗ ಹೊರಗೆ ತೇಲುತ್ತಿದ್ದವು ಸಾಯುತ್ತವೆ, ಊತ ಇಳಿಯುತ್ತದೆ, ಹಾಲು ಮಾಮೂಲಿಯಂತೆ ಕಾಣುತ್ತದೆ. ಕೋರ್ಸ್ ಮುಗಿದ ಮೇಲೆ ಪದರದಿಂದ ಹೊಸ ಬ್ಯಾಕ್ಟೀರಿಯಾ ಕಳಚಿಕೊಂಡು ಹಾಲಿಗೆ ಬರುತ್ತವೆ. ಕಳಚುವುದು ದಿನವೂ ಒಂದೇ ಸಮ ಇರುವುದಿಲ್ಲ, ಹಾಗಾಗಿ ಸೋಂಕಿರುವ ತೊಟ್ಟಿನ ಹಾಲಿನಲ್ಲೂ ಒಮ್ಮೊಮ್ಮೆ ಏನೂ ಬೆಳೆಯುವುದಿಲ್ಲ. ಒಂದು ಸಲ ನೆಗೆಟಿವ್ ಬಂದರೆ ನಂಬಿ ಕೂರಬೇಡಿ. ಆ ತೊಟ್ಟಿನ ಸೊಮ್ಯಾಟಿಕ್ ಸೆಲ್ ಕೌಂಟ್ (ಹಾಲಿನಲ್ಲಿರುವ ಹಸುವಿನ ಜೀವಕೋಶಗಳ, ಮುಖ್ಯವಾಗಿ ಬಿಳಿ ರಕ್ತಕಣಗಳ ಲೆಕ್ಕ) ಒಂದು ಮಿಲಿಲೀಟರ್‌ಗೆ 2 ಲಕ್ಷ ದಾಟಿದ್ದರೆ ಇನ್ನೊಂದು ಸ್ಯಾಂಪಲ್ ಕಳಿಸಿ.

ಹಾಗಂತ ಎಲ್ಲದಕ್ಕೂ ಬಯೋಫಿಲ್ಮ್ ಒಂದೇ ಕಾರಣ ಅನ್ನಲು ನಾನು ತಯಾರಿಲ್ಲ. ಬಯೋಫಿಲ್ಮ್ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ ಕಲಿತದ್ದು. ಸ್ಟಫೈಲೊಕಾಕಸ್ ಆರಿಯಸ್ ಕೆಚ್ಚಲಿನ ಜೀವಕೋಶಗಳ ಒಳಗೇ ನುಸುಳಿ ಅಡಗುತ್ತದೆ, ಗಾಯದ ಗಂಟಿನೊಳಗೆ ಸಣ್ಣ ಕೀವುಗುಳ್ಳೆಯಾಗಿಯೂ ಉಳಿಯುತ್ತದೆ. ಪಕ್ಕದ ಹಸುವಿನಿಂದ ಹೊಸದಾಗಿ ಅಂಟಿರಲೂಬಹುದು.

ಈಗೇನು ಮಾಡುವುದು? ಎರಡು ದಿನಕ್ಕೊಂದು ಔಷಧಿ ಬದಲಿಸಬೇಡಿ, ಅದು ದುಡ್ಡು ದಂಡ. ಮೊದಲ ಸೂಲಿನ ಹಸು, ಒಂದೇ ತೊಟ್ಟು, ಇತ್ತೀಚಿನ ಸೋಂಕು ಆಗಿದ್ದರೆ ವಾಸಿಯಾಗುವ ಸಾಧ್ಯತೆ ಜಾಸ್ತಿ. ಅಂಥ ಹಸುವಿಗೆ ಹೆಚ್ಚು ದಿನದ ಕೋರ್ಸ್ ಬೇಕೇ, ಹಾಲು ಬತ್ತಿಸುವಾಗ ಔಷಧಿ ತುಂಬಬೇಕೇ ಅಂತ ಪಶುವೈದ್ಯರನ್ನು ಕೇಳಿ. ವಯಸ್ಸಾದ ಹಸುವಾಗಿ, ಆ ತೊಟ್ಟಿನ ಮೇಲ್ಭಾಗದ ಕೆಚ್ಚಲಿನಲ್ಲಿ ಗಟ್ಟಿ ಗಂಟು ಕೈಗೆ ಸಿಗುತ್ತಿದ್ದರೆ ಆ ಭಾಗವನ್ನು ಪೂರ್ತಿ ಬತ್ತಿಸುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಸೋಂಕಿರುವ ಹಸುವಿನ ಹಾಲನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆಯಿರಿ. ಕರೆದಾದ ಮೇಲೆ ತೊಟ್ಟುಗಳನ್ನು ಸೋಂಕುನಾಶಕದಲ್ಲಿ ಅದ್ದಿ. ಹಾಲು ಕರೆಯುವ ಯಂತ್ರ ಬಳಸುತ್ತಿದ್ದರೆ, ತೊಟ್ಟಿಗೆ ಹಾಕುವ ಕಪ್ಪಿನ ಒಳಗಿನ ರಬ್ಬರ್ ಲೈನರ್ ಬಿರುಕು ಬಿಟ್ಟಿದೆಯಾ ನೋಡಿ. ಆ ಬಿರುಕಿನಲ್ಲೂ ಬಯೋಫಿಲ್ಮ್ ಕಟ್ಟುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಲೈನರ್ ಬದಲಿಸಲೇಬೇಕು.