ಬಿಸಿ ಮಾಡಿದರೆ ನೀರು ಆಮ್ಲವಾಗುತ್ತದೆಯೇ?

ಪ್ರಶ್ನೆ: ಸಮತೋಲನ ಸ್ಥಿರಾಂಕ, ಅಂದರೆ ಕೆ, ಒತ್ತಡಕ್ಕೂ ಸಾಂದ್ರತೆಗೂ ವೇಗವರ್ಧಕಕ್ಕೂ ಬದಲಾಗುವುದಿಲ್ಲ, ಉಷ್ಣತೆಗೆ ಮಾತ್ರ ಬದಲಾಗುತ್ತದೆ ಎಂದು ಸರ್ ಹೇಳಿದರು. ಉಷ್ಣತೆಗೆ ಮಾತ್ರ ಯಾಕೆ? ಒಂದು ಲೆಕ್ಕದಲ್ಲಿ 60 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿಗೆ ಪಿಎಚ್ 6.5 ಬಂತು. 7ಕ್ಕಿಂತ ಕಡಿಮೆ ಅಂದರೆ ಆಮ್ಲ ಅಲ್ವಾ?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಆದರೂ ಆ ನೀರು ಆಮ್ಲ ಅಲ್ಲ.

ಲೆ ಶಾಟೆಲಿಯೇ ನಿಯಮ ಹೇಳಿ ಉತ್ತರ ಮುಗಿಸಬಹುದಿತ್ತು. ಆದರೆ ಸಮತೋಲನ, ಅಂದರೆ ಎರಡು ದಿಕ್ಕಿನ ಕ್ರಿಯೆಗಳೂ ಒಂದೇ ವೇಗದಲ್ಲಿ ನಡೆಯುವ ಸ್ಥಿತಿ, ಬಿಸಿ ಮಾಡಿದಾಗ ಯಾವ ಕಡೆ ವಾಲುತ್ತದೆ ಎಂದಷ್ಟೇ ಅದು ಹೇಳುತ್ತದೆ. ನೀವು ಕೇಳಿದ್ದು ಯಾಕೆ ಅಂತ. ಅದಕ್ಕೆ ನೀರನ್ನೇ ನೋಡೋಣ.

ನೀರಿನ ಅಣುಗಳಲ್ಲಿ ಕೆಲವು ಸದಾ ಒಡೆದು ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳಾಗುತ್ತಿರುತ್ತವೆ, ಅಂದರೆ ವಿದ್ಯುದಾವೇಶ ಇರುವ ಕಣಗಳಾಗುತ್ತಿರುತ್ತವೆ. ಅವು ಮತ್ತೆ ಕೂಡಿ ನೀರಾಗುತ್ತಿರುತ್ತವೆ. ಮುಂದಿನ ಕ್ರಿಯೆಯ (ಒಡೆಯುವುದರ) ವೇಗ ಸ್ಥಿರಾಂಕವನ್ನು ಹಿಂದಿನದರ (ಕೂಡುವುದರ) ವೇಗ ಸ್ಥಿರಾಂಕದಿಂದ ಭಾಗಿಸಿದರೆ ಸಿಗುವುದೇ ಕೆ. ಈಗ ಬಿಸಿ ಮಾಡಿ. ಎರಡೂ ವೇಗ ಜಾಸ್ತಿಯಾಗುತ್ತವೆ, ಆದರೆ ಒಂದೇ ಸಮನಾಗಿ ಅಲ್ಲ. ಅಣು ಒಡೆಯಲು ತುಂಬಾ ಶಕ್ತಿ ಬೇಕು, ಹಾಗಾಗಿ ಬಿಸಿಯಿಂದ ಅದಕ್ಕೆ ದೊಡ್ಡ ಲಾಭ. ಅಯಾನುಗಳು ಕೂಡುವುದಕ್ಕೆ ಅಡ್ಡಿಯೇ ಇಲ್ಲ ಅನ್ನಬಹುದು. ನೀರಿನಲ್ಲಿ ನಡೆಯುವ ಅತಿ ವೇಗದ ಕ್ರಿಯೆಗಳಲ್ಲಿ ಅದೂ ಒಂದು. ಬಿಸಿ ಅದಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ. ಮೇಲಿನ ಸಂಖ್ಯೆ ಬೇಗ ಬೆಳೆಯಿತು, ಕೆಳಗಿನದು ನಿಧಾನವಾಗಿ. ಕೆ ಏರಿತು.

ವೇಗವರ್ಧಕ ಎರಡೂ ದಿಕ್ಕಿನ ಅಡ್ಡಿಯನ್ನು ಒಂದೇ ಅಳತೆಯಲ್ಲಿ ತಗ್ಗಿಸುತ್ತದೆ. ಎರಡು ವೇಗವೂ ಅಷ್ಟೇ ಪಟ್ಟು ಏರುತ್ತವೆ, ಭಾಗಿಸಿದಾಗ ಕೆ ಹಾಗೇ ಉಳಿಯುತ್ತದೆ.

ನೀರಿಗೆ ಈ ಕೆಯನ್ನು ಅಯಾನು ಗುಣಲಬ್ಧವಾಗಿ, ಅಂದರೆ ಎರಡು ಅಯಾನುಗಳ ಸಾಂದ್ರತೆಯ ಗುಣಲಬ್ಧವಾಗಿ ಬರೆಯುತ್ತಾರೆ. 25 ಡಿಗ್ರಿಯಲ್ಲಿ ಅದು 1 × 10⁻¹⁴. 60 ಡಿಗ್ರಿಯಲ್ಲಿ ಅದು ಸುಮಾರು 10 ಪಟ್ಟು. ಅಂದರೆ ಹೈಡ್ರೋಜನ್ ಅಯಾನು ಸುಮಾರು 3 ಪಟ್ಟು ಹೆಚ್ಚಿದೆ, ಪಿಎಚ್ 6.5ಕ್ಕೆ ಇಳಿದಿದೆ. ಆದರೆ ಹೈಡ್ರಾಕ್ಸೈಡ್ ಕೂಡ ಅಷ್ಟೇ ಹೆಚ್ಚಿದೆ! ಎರಡೂ ಸಮ ಇದ್ದರೆ ತಟಸ್ಥ. 7 ಎನ್ನುವುದು 25 ಡಿಗ್ರಿಯ ತಟಸ್ಥ ಬಿಂದು ಮಾತ್ರ. ಇದನ್ನು ಹೇಳದೆ ಮಕ್ಕಳಿಗೆ ಸುಮ್ನೆ 7 ಬಾಯಿಪಾಠ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ.

ಕೆ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕಲು ವಾಂಟ್ ಹಾಫ್ ಸಮೀಕರಣ ಇದೆ. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದವರು ಅವರೇ. ಕ್ರಿಯೆ ಹೀರುವ ಅಥವಾ ಬಿಡುವ ಶಾಖ ಹೆಚ್ಚಿದಷ್ಟೂ ಕೆ ಉಷ್ಣತೆಗೆ ಹೆಚ್ಚು ಅಲುಗುತ್ತದೆ. ಅಮೋನಿಯಾ ತಯಾರಿ ಶಾಖ ಬಿಡುವ ಕ್ರಿಯೆ, ಅಲ್ಲಿ ಎಲ್ಲವೂ ತಿರುಗುಮುರುಗು. 400ರಿಂದ 500 ಡಿಗ್ರಿಗೆ ಏರಿಸಿದರೆ ಕೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೂ ಕಾರ್ಖಾನೆಗಳು ಆ ಬಿಸಿಯಲ್ಲೇ ನಡೆಯುತ್ತವೆ, ತಣ್ಣಗಿದ್ದರೆ ಕ್ರಿಯೆ ತೆವಳುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾ? ಲ್ಯಾಬಿನಲ್ಲಿ ಮೇಡಂ ಅಥವಾ ಸರ್ ಎದುರಿಗೇ ಮಾಡಿ. ಕೋಬಾಲ್ಟ್ ಕ್ಲೋರೈಡಿನ ಗುಲಾಬಿ ದ್ರಾವಣಕ್ಕೆ ನೇರಳೆ ಬಣ್ಣ ಬರುವ ತನಕ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಹಾಕಲು ಅವರನ್ನು ಕೇಳಿ. ಆ ಪ್ರನಾಳವನ್ನು ಬಿಸಿ ನೀರಿನಲ್ಲಿ ಇಡಿ, ನೀಲಿಯಾಗುತ್ತದೆ. ಐಸ್ ನೀರಿಗೆ ಹಾಕಿ, ಒಂದು ಹನಿಯೂ ಸೇರಿಸದೆ ಗುಲಾಬಿ ವಾಪಸ್ ಬರುತ್ತದೆ.