ಓಶಿವಾರಾದ ‘ಅಸಲಿ’ ಚಂಡೀಗಢ ಕುರ್ಚಿಯ ಬಗ್ಗೆ

ಶೆಟ್ಟರೇ, ಮುಂಬಯಿಯ ಓಶಿವಾರಾದ ಹಳೆಯ ಪೀಠೋಪಕರಣಗಳ ಮಾರುಕಟ್ಟೆಯಲ್ಲಿ ‘ಅಸಲಿ ಚಂಡೀಗಢ ಕುರ್ಚಿ’ ಎಂದು ಹೇಳಿ ಕೇಳುತ್ತಿರುವ ಬೆಲೆಯನ್ನು ಕೊಡಬಹುದೇ, ಸರಕಾರಿ ಕಚೇರಿಯ ಕುರ್ಚಿಗೆ ಇಷ್ಟು ಮೋಹವೇಕೆ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಚಂಡೀಗಢದ ನಗರಯೋಜನೆಯನ್ನು ರೂಪಿಸಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಅವರ ದಾಯಾದಿ ಸೋದರ, ತಾನೂ ವಾಸ್ತುಶಿಲ್ಪಿಯಾಗಿದ್ದ ಪಿಯರ್ ಜೀನೆರೆ 1951ರಲ್ಲಿ ಚಂಡೀಗಢಕ್ಕೆ ಬಂದವರು 1965ರವರೆಗೆ ಅಲ್ಲಿಯೇ ಉಳಿದು, ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳ ಜೊತೆಗೂಡಿ ಹೊಸ ರಾಜಧಾನಿಯ ಕಚೇರಿ, ಗ್ರಂಥಾಲಯ, ವಸತಿಗೃಹಗಳಿಗೆ ಪೀಠೋಪಕರಣಗಳನ್ನು ರೂಪಿಸಿದರು. ಗೆದ್ದಲಿಗೆ ಸುಲಭವಾಗಿ ಬಗ್ಗದ ಸಾಗುವಾನಿ, ಬೆವರುವ ಬೆನ್ನಿಗೆ ಗಾಳಿಯಾಡಿಸುವ ಬೆತ್ತ, ಕೈವಾರವನ್ನು ನಿಲ್ಲಿಸಿದಂತೆ ಕೆಳಗೆ ಅಗಲವಾಗುವ ಕಾಲುಗಳು: ಸ್ಥಳೀಯ ಬಡಗಿಗೆ ಪರಿಚಯವಿಲ್ಲದ್ದು ಇದರಲ್ಲಿ ಏನೂ ಇಲ್ಲ. ಹಲವು ಕಾರ್ಯಾಗಾರಗಳಲ್ಲಿ ತಯಾರಾದ ಕಾರಣ ಅಳತೆ, ದಪ್ಪಗಳೂ ಒಂದೊಂದರಲ್ಲಿ ಒಂದೊಂದು ಬಗೆ. ನನ್ನ ಅಭಿಪ್ರಾಯದಲ್ಲಿ ಆ ಕುರ್ಚಿ ಇಂದಿಗೂ ಹಿಡಿಸುವುದು ಈ ಸರಳತನದಿಂದಲೇ. ಹರಾಜಿನ ಬೆಲೆ ಆಮೇಲೆ ಅಂಟಿಕೊಂಡದ್ದು. ಕಚೇರಿಗಳು ಗುಜರಿಯೆಂದು ವಿಲೇವಾರಿ ಮಾಡಿದ್ದನ್ನು ವಿದೇಶದ ವ್ಯಾಪಾರಿಗಳು ಕೊಂಡೊಯ್ದು ದುರಸ್ತಿ ಮಾಡಿಸಿ ಲಕ್ಷಗಟ್ಟಲೆಗೆ ಮಾರಿದ ಬಳಿಕ, 2011ರಲ್ಲಿ ಕೇಂದ್ರ ಗೃಹ ಸಚಿವಾಲಯವು ಅಂಥ ಪಾರಂಪರಿಕ ವಸ್ತುಗಳ ಮಾರಾಟ ಹಾಗೂ ರಫ್ತನ್ನು ತಡೆಯುವ ಆದೇಶ ಹೊರಡಿಸಿತು. ಆದ್ದರಿಂದ ಕುರ್ಚಿ ನಿಜವಾಗಿಯೂ ಅಲ್ಲಿಯದೇ ಆಗಿದ್ದರೆ, ಅದು ಎಂದು, ಯಾವ ಹರಾಜಿನಲ್ಲಿ ಹೊರಬಂತು ಎಂಬ ಕಾಗದವನ್ನು ಕೇಳಿ. ಕಾಗದವಿಲ್ಲದಿದ್ದರೆ ಹಳೆಯದೆಂಬ ಬೆಲೆಯನ್ನು ಕೊಡಬೇಡಿ.

ಬೆನ್ನಿನ ಹಿಂದೆ ಬಿಳಿ ಬಣ್ಣದಲ್ಲಿ ಬರೆದ ಇಲಾಖೆಯ ಅಕ್ಷರಗಳನ್ನು ನಂಬಬೇಡಿ, ಅವನ್ನು ಯಾರು ಬೇಕಾದರೂ ಬರೆಯಬಹುದು. ಬೆತ್ತ ಹೊಸದಾಗಿದೆ ಎಂದ ಮಾತ್ರಕ್ಕೆ ಕುರ್ಚಿ ನಕಲಿಯೂ ಅಲ್ಲ, ಏಕೆಂದರೆ ಇಷ್ಟು ವರ್ಷಗಳಲ್ಲಿ ಅದನ್ನು ಮರುಹೆಣೆದಿರುವ ಸಾಧ್ಯತೆಯೇ ಹೆಚ್ಚು. ಕೈಯಿಡುವ ಜಾಗದ ಸವೆತವನ್ನು ನೋಡಿ, ತೋಳನ್ನು ಪಕ್ಕಕ್ಕೆ ಮೆಲ್ಲಗೆ ತಳ್ಳಿ. ಎರಡು ಕಾಲುಗಳು ಮೇಲೆ ಕೂಡುವಲ್ಲಿ ಅಲುಗಾಡಿದರೆ, ಎಳೆದಾಡಿ ಸಡಿಲವಾದ ಆ ಜೋಡಣೆಯನ್ನು ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ. ಬರೀ ಮೊಳೆ ಹೊಡೆದು ಬಿಗಿ ಮಾಡಿದ್ದನ್ನು ನಾನಂತೂ ಕೊಳ್ಳುವುದಿಲ್ಲ.

ಏಳು ವರ್ಷಗಳ ಹಿಂದೆ, ಕೆಡವಿದ ಚಾಳೊಂದರ ಬರ್ಮಾ ಸಾಗುವಾನಿಯ ಬಾಗಿಲ ಚೌಕಟ್ಟುಗಳನ್ನು ಕೊಂಡು, ಡೊಂಬಿವಲಿಯ ಬಡಗಿಯೊಬ್ಬರಿಂದ ಇದೇ ಮಾದರಿಯ ಎರಡು ಕುರ್ಚಿಗಳನ್ನು ಮಾಡಿಸಿಕೊಂಡೆ. ಮೊದಲನೆಯದರ ಬೆನ್ನು ತೀರ ನೆಟ್ಟಗಾಗಿ, ಮನೆಯವರು ಅದನ್ನು ‘ಶಿಕ್ಷೆಯ ಕುರ್ಚಿ’ ಎಂದೇ ಕರೆಯುತ್ತಾರೆ. ಹಾಗಾಗಿ ನೀವೂ ಹೊಸದಾಗಿ ಮಾಡಿಸುವುದಾದರೆ, ಮರ ಕೊಯ್ಯಿಸುವ ಮೊದಲು ಹಲಗೆಯ ತುಂಡುಗಳಿಂದ ಬೆನ್ನಿನ ಓರೆಯನ್ನು ಹೊಂದಿಸಿ, ಕೂತು ನೋಡಿ. ಬೆತ್ತವನ್ನು ಚೌಕಟ್ಟಿನ ರಂಧ್ರಗಳ ಮೂಲಕ ಎಳೆ ಎಳೆಯಾಗಿ ಕೈಯಿಂದ ಹೆಣೆಸಿ. ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಕೂರಿಸಿ ಅಂಟಿಸುವ ಸಿದ್ಧ ಬೆತ್ತದ ಜಾಲರಿ ಅಗ್ಗವಾದರೂ, ನನ್ನ ಶಿಕ್ಷೆಯ ಕುರ್ಚಿಯಲ್ಲಿ ಅಂಚು ಬಿಟ್ಟುಕೊಂಡದ್ದು ಮೂರನೆಯ ಮಳೆಗಾಲದಲ್ಲೇ. ಕೈಹೆಣಿಗೆ ಜೋತುಬಿದ್ದರೆ, ಎಳೆ ಕಡಿಯದಿದ್ದ ಪಕ್ಷದಲ್ಲಿ, ಕುರ್ಚಿಯನ್ನು ಮಗುಚಿ ಬೆತ್ತದ ಅಡಿಭಾಗಕ್ಕೆ ಬಿಸಿನೀರಿನ ಬಟ್ಟೆ ಒತ್ತಿ, ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ಯಾರೂ ಕೂರದಂತೆ ನೋಡಿಕೊಂಡರೆ ಬಹುಮಟ್ಟಿಗೆ ಬಿಗಿದುಕೊಳ್ಳುತ್ತದೆ.